ಅರ್ಧಪ್ಪನ ಒಂಬತ್ತು ಟನ್ನು

ಅವರ ನಿಜವಾದ ಹೆಸರು ಕಾರ್ಖಾನೆಯ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವರು ಅರ್ಧಪ್ಪ. ಬಿರುಕು ಬಿಟ್ಟ ಪೈಪು ಎಷ್ಟು ಭಾರಕ್ಕೆ ಮುರಿಯುತ್ತದೆ, ಮೊಣಕೈಯಂತೆ ಬಾಗಿದ ಬೆಂಡು ಎಷ್ಟಕ್ಕೆ ಕುಸಿಯುತ್ತದೆ ಎಂದು ಲೆಕ್ಕ ಹಾಕಿ ಹೇಳುವುದು ಅವರ ಕೆಲಸ. ಇಪ್ಪತ್ತೆಂಟು ವರ್ಷದಿಂದ ಹೇಳುತ್ತಲೇ ಬಂದಿದ್ದಾರೆ. ಆದರೆ ಅವರು ಹತ್ತು ಟನ್ನು ಎಂದ ಪೈಪು ಮಹಾರಾಜನಂತೆ ಇಪ್ಪತ್ತು ತಡೆದುಕೊಳ್ಳುತ್ತಿತ್ತು. ಆ ಹೆಸರು ಬಂದದ್ದು ಹಾಗೆ.

ಪರೀಕ್ಷೆಯ ಶೆಡ್ಡಿನಲ್ಲೊಂದು ಪದ್ಧತಿ. ಪೈಪನ್ನು ಮೆಷಿನ್ನಿಗೆ ಕಟ್ಟುವ ಮೊದಲು ಎಲ್ಲರೂ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ತಮ್ಮ ಅಂದಾಜು ಬರೆಯಬೇಕು. ಯಾರದು ತೀರಾ ತಪ್ಪೋ ಅವರು ಎಲ್ಲರಿಗೂ ಟೀ ಮಾಡಬೇಕು. ಇದರಿಂದಾಗಿ ಅರ್ಧಪ್ಪನವರ ಟೀ ಇಡೀ ಕಾರ್ಖಾನೆಯಲ್ಲಿ ಹೆಸರುವಾಸಿಯಾಗಿತ್ತು.

ಮನೆಯಲ್ಲೂ ಇದೇ ಕಥೆ. ಕಪ್ಪಿನ ಹಿಡಿಯಲ್ಲಿ ಕೂದಲೆಳೆಯಷ್ಟು ಗೆರೆ ಕಂಡರೆ ಸಾಕು, ಅದು ಕಸದ ಬುಟ್ಟಿಗೆ. ನೆಂಟರು ಕುರ್ಚಿಯಲ್ಲಿ ಕೂರುವ ಮೊದಲು ಇವರು ಅದರ ಕಾಲು ತಟ್ಟಿ ನೋಡಬೇಕು. ಅದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದ ಹೆಂಡತಿಗೆ ಸಾಕುಸಾಕಾಗಿತ್ತು.

"ರೀ, ಈ ಮನೇಲಿ ಬಿರುಕು ಬಿಡದೆ ಉಳಿದಿರೋದು ನನ್ನ ತಾಳ್ಮೆ ಒಂದೇ. ಅದನ್ನೂ ಪರೀಕ್ಷೆ ಮಾಡ್ಬೇಡಿ. ಮೊದ್ಲು ನಿಮ್ಮ ಅಂಗಿ ಮೊಣಕೈ ಹರಿದಿದೆಯಲ್ಲ, ಅದನ್ನ ಹೊಲಿಯೋಕೆ ಕೊಡಿ."

"ಎಲ್ಲಿ ಹರಿದಿದೆ?" ಎಂದು ಅವರು ಕೈ ಚಾಚಿ ನೋಡಿದರು. ಹರಿದದ್ದೇನೂ ಕಾಣಲಿಲ್ಲ. ಅದನ್ನೇ ಹಾಕಿಕೊಂಡು ಹೊರಟರು.

ಆ ವಾರ ಶುಚಿಗೆಂದು ಸ್ಟೀಮ್ ಲೈನು ನಿಲ್ಲಿಸಿದ್ದಾಗ ಅವರಿಗೆ ಒಂದು ಬೆಂಡಿನ ಬೆನ್ನ ಮೇಲೆ, ಬಾಗಿನ ಹೊರಮೈಯಲ್ಲಿ, ಬಿರುಕು ಸಿಕ್ಕಿತು. ಆ ಬೆಂಡು ಇದ್ದದ್ದು ಪ್ಯಾಕಿಂಗ್ ವಿಭಾಗದ ಸೂರಿನಲ್ಲಿ, ಹೆಂಡತಿ ಕೂರುವ ಮೇಜಿನ ನೇರಕ್ಕೆ. ಅರ್ಧಪ್ಪನವರು ಎರಡು ದಿನ ಕೂತು ಲೆಕ್ಕ ಹಾಕಿದರು. ಒಂಬತ್ತು ಟನ್ನು ಬಂತು. ಲೈನು ಓಡಬೇಕಾದರೆ ಹನ್ನೆರಡಾದರೂ ತಡೆಯಬೇಕು.

ಮ್ಯಾನೇಜರು ನಕ್ಕುಬಿಟ್ಟರು. "ನೀವು ಒಂಬತ್ತು ಅಂದ್ರೆ ನಾವು ಹದಿನೆಂಟು ಅಂತ ತಿಳ್ಕೋಬೇಕು, ಅಲ್ವಾ?"

"ಈ ಸಲ ಹಾಗಲ್ಲ ಸಾರ್."

"ಪ್ರತಿ ಸಲಾನೂ ಇದನ್ನೇ ಹೇಳ್ತೀರಿ. ಸರಿ, ಉಗ್ರಾಣದಲ್ಲಿ ಇದೇ ಅಳತೆಯ ಬೆಂಡು ಎರಡಿವೆ. ಅಷ್ಟೇ ಬಿರುಕು ಕೊಯ್ದು ಪರೀಕ್ಷೆ ಮಾಡಿ. ಹನ್ನೆರಡು ದಾಟಿದ್ರೆ ಸೋಮವಾರ ಸ್ಟೀಮ್ ಬಿಡ್ತೀವಿ."

ಪರೀಕ್ಷೆಯ ಚೀಟಿಯಲ್ಲಿ "ಭಾರ ಹಾಕುವ ರೀತಿ" ಎಂಬಲ್ಲಿ ಅರ್ಧಪ್ಪನವರು ಅವಸರದಲ್ಲಿ "ಎಂದಿನಂತೆ" ಎಂದು ಗೀಚಿದರು. ಎಂದಿನಂತೆ ಅಂದರೆ ಎರಡು ತುದಿ ಹಿಡಿದು ಎಳೆಯುವುದು. ಗೋಡೆಯ ಮೇಲೆ ಮೆಷಿನ್ನಿನ ಆಪರೇಟರು ಹದಿನಾರು ಬರೆದ, ಇವರು ಒಂಬತ್ತು. ಮೆಷಿನ್ನು ಎಳೆಯತೊಡಗಿತು. ಒಂಬತ್ತು ದಾಟಿತು, ಹನ್ನೆರಡು ದಾಟಿತು. ಹದಿನೈದಕ್ಕೆ ಬೆಂಡಿನ ಆಕಾರ ಕೆಟ್ಟಿತೇ ಹೊರತು ಬಿರುಕು ಬಾಯಿ ಬಿಡಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. "ಅರ್ಧಪ್ಪನೋರೇ, ಸಕ್ಕರೆ ಸ್ವಲ್ಪ ಜಾಸ್ತಿ!"

ಅರ್ಧಪ್ಪನವರು ಸಪ್ಪೆ ಮುಖ ಮಾಡಿಕೊಂಡು ಟೀ ಮಾಡಿದರು. ಸಕ್ಕರೆ ಡಬ್ಬಿಗೆ ಕೈ ಚಾಚಿದಾಗ ಅಂಗಿ ಸರಿಯಾಗಿಯೇ ಇತ್ತು. ರುಚಿ ನೋಡಲು ಲೋಟ ಬಾಯಿಗೆ ಎತ್ತಿದರು, ಮೊಣಕೈಗೆ ತಣ್ಣಗೆ ಗಾಳಿ ಸೋಕಿತು. ಬಗ್ಗಿ ನೋಡಿದರೆ ಅಂಗಿ ಅಗಲವಾಗಿ ಬಾಯಿ ತೆರೆದಿದೆ. ಕೈ ಚಾಚಿದರು, ಮುಚ್ಚಿಕೊಂಡಿತು. ಮಡಚಿದರು, ತೆರೆಯಿತು. ನಾಲ್ಕು ಸಲ ಹೀಗೆ ಮಾಡುವಷ್ಟರಲ್ಲಿ ಟೀ ಉಕ್ಕಿ ಒಲೆ ಆರಿತು.

ಶೆಡ್ಡಿಗೆ ಓಡಿದರು. "ತಪ್ಪು ನಂದು! ಸ್ಟೀಮಿಗೆ ಲೈನು ಕಾದು ಹಿಗ್ಗಿದಾಗ ಬೆಂಡು ಮಡಚ್ಕೊಳ್ಳುತ್ತೆ. ನಾವು ಎಳೆದು ನೆಟ್ಟಗೆ ಮಾಡಿದ್ವಿ. ಬೆನ್ನ ಮೇಲಿನ ಬಿರುಕು ಮುಚ್ಕೊಂಡು ಕೂತಿತ್ತು, ಪಾಪ. 'ಎಂದಿನಂತೆ' ಅಂತ ಬರೆದೋನು ನಾನೇ!" ಎನ್ನುತ್ತ ಎಲ್ಲರೆದುರು ಕೈ ಮಡಚಿ ಹರಿದ ಮೊಣಕೈ ತೋರಿಸಿದರು. ಇಪ್ಪತ್ತೆಂಟು ವರ್ಷದ ಅನುಭವಿಯ ಮಾನ ಆ ತೂತಿನಲ್ಲೇ ಹೋಯಿತು. ಆಪರೇಟರು ಬಿದ್ದು ಬಿದ್ದು ನಕ್ಕ. ಮ್ಯಾನೇಜರು ಮಾತ್ರ ನಗಲಿಲ್ಲ. ಎರಡನೇ ಬೆಂಡು ತರಿಸಿದರು.

ಈ ಸಲ ತುದಿಗಳನ್ನು ಒಳಕ್ಕೆ ಒತ್ತಿದರು. ಎಂಟೂವರೆ ಟನ್ನಿಗೆ ಬೆಂಡು ಢಮ್ಮೆಂದು ಬಿರಿಯಿತು. ಸೋಮವಾರ ಸ್ಟೀಮ್ ಬಿಡುವುದು ನಿಂತಿತು. ಆಪರೇಟರು ಜೀವನದಲ್ಲಿ ಮೊದಲ ಬಾರಿಗೆ ಟೀ ಮಾಡಿದ, ಯಾರಿಗೂ ಕುಡಿಯಲಾಗಲಿಲ್ಲ.

ಸಂಜೆ ಅರ್ಧಪ್ಪನವರು ಹಿಗ್ಗುತ್ತಾ ಮನೆಗೆ ಬಂದು ಎಲ್ಲವನ್ನೂ ಹೇಳಿದರು. ಹೆಂಡತಿ ಅಂಗಿ ಹೊಲಿಯುತ್ತಾ ಕೇಳಿದರು. ಕೊನೆಗೆ ಸೂಜಿ ನಿಲ್ಲಿಸಿದರು.

"ಒಂಬತ್ತು ಅಂದಿದ್ರಿ. ಎಂಟೂವರೆಗೇ ಹೋಯ್ತಾ?"

"ಹೂಂ. ಎಷ್ಟು ಹತ್ತಿರ ನೋಡು!"

"ಇಪ್ಪತ್ತೆಂಟು ವರ್ಷ ಊರಿನ ಪೈಪಿಗೆಲ್ಲ ಕಮ್ಮಿ ಹೇಳ್ಕೊಂಡು ಬಂದ್ರಿ. ನನ್ನ ತಲೆ ಮೇಲಿದ್ದ ಒಂದಕ್ಕೆ ಮಾತ್ರ ಜಾಸ್ತಿ ಹೇಳಿದ್ರಾ?"

ಅರ್ಧಪ್ಪನವರು ಎದ್ದು ಅಡುಗೆಮನೆಗೆ ಹೋಗಿ ಟೀಗೆ ನೀರಿಟ್ಟರು.