ಅತನೂರಿನ ಪಾಳಿಯಲ್ಲಿ ನಮ್ಮ ಖಾಲಿ ಡಬ್ಬಿ

ಎರಡು ದಿನದಿಂದ ಮೋಡ. ವ್ಯಾನಿನ ನೆತ್ತಿಯ ಮೇಲಿನ ಸೋಲಾರ್ ಇದ್ದೂ ಇಲ್ಲದಂತಾಗಿತ್ತು. ನಾವು ಮನೆ ಮಾಡಿಕೊಂಡು ತಿರುಗುವ ಈ ವ್ಯಾನಿನಲ್ಲಿ ಫ್ರಿಜ್ ನಡೆಯುವುದು ಬ್ಯಾಟರಿಯಿಂದ. ಅದರೊಳಗೆ ಹೆಂಡತಿಯ ಇನ್ಸುಲಿನ್. ಅತನೂರಿಗೆ ಬರುವಷ್ಟರಲ್ಲಿ ಬ್ಯಾಟರಿ ಪೂರ್ತಿ ಇಳಿದು ಫ್ರಿಜ್ ನಿಂತಿತು. ವ್ಯಾನು ಮಾರಿದವನನ್ನು ಮನಸ್ಸಿನಲ್ಲೇ ಬೈದುಕೊಂಡೆ.

ಎದುರಿಗೆ ಹಿಟ್ಟಿನ ಗಿರಣಿ ಇತ್ತು. ಬ್ಯಾಟರಿ ಚಾರ್ಜಿಗೆ ಕರೆಂಟ್ ಕೇಳಿದ ಕೂಡಲೇ ಗಿರಣಿಯ ಒಡತಿ ಪ್ಲಗ್ ತೋರಿಸಿದಳು. ಆದರೆ ಗಿರಣಿ ತಿರುಗುತ್ತಿದ್ದಾಗ ವೋಲ್ಟೇಜ್ ಸಾಲದೆ ನಮ್ಮ ಚಾರ್ಜರ್ ಕೆಲಸವನ್ನೇ ಮಾಡಲಿಲ್ಲ.

"ನಿಮ್ದೂ ಒಂದ್ ಡಬ್ಬಿ ಪಾಳಿಗಿ ಇಡ್ರಿ. ಪಾಳಿ ಬಂದಾಗ ಗಿರಣಿ ನಿಂದ್ರಸ್ತೇನಿ," ಎಂದಳು.

ಜೋಳದ ಡಬ್ಬಿಗಳ ಸಾಲಿನ ಕೊನೆಗೆ ನಮ್ಮ ಖಾಲಿ ಬಿಸ್ಕತ್ತಿನ ಡಬ್ಬಿ ಇಟ್ಟೆ. ಅದರೊಳಗೆ ಇಣುಕಿದ ಅಜ್ಜಿಯೊಬ್ಬಳು ಸಂಗತಿ ಕೇಳಿ ತಿಳಿದು, ಅದನ್ನೆತ್ತಿ ತನ್ನ ಡಬ್ಬಿಯ ಮುಂದಿಟ್ಟಳು. ಅವಳ ಮುಂದಿದ್ದ ಹೆಂಗಸು ಅದನ್ನು ತನ್ನದಕ್ಕಿಂತ ಮುಂದೆ ಸರಿಸಿದಳು. ಹಾಗೆ ಕೈಯಿಂದ ಕೈಗೆ ದಾಟಿ ನಮ್ಮ ಡಬ್ಬಿ ಸಾಲಿನ ತಲೆಗೆ ಬಂತು.

ಗಿರಣಿ ನಿಂತಿತು. ಎಲ್ಲರೂ ಕಟ್ಟೆಯ ಮೇಲೆ ಕೂತು ಮಾತಿಗಿಳಿದರು. ಅರ್ಧ ಗಂಟೆಯಾದ ಮೇಲೆ, ಇವರನ್ನೆಲ್ಲ ಕಾಯಿಸುತ್ತಿದ್ದೇನಲ್ಲ ಎಂದು ನನಗೇ ತಡೆಯಲಾಗದೆ, "ಇಷ್ಟು ಸಾಕು, ವೈರ್ ತೆಗೆಯುತ್ತೇನೆ," ಎಂದು ಎದ್ದೆ. ಅಜ್ಜಿ ಒಪ್ಪಲಿಲ್ಲ. ತಾನೇ ವ್ಯಾನು ಹತ್ತಿ, ಫ್ರಿಜ್ಜಿನ ಬಾಗಿಲು ತೆಗೆಸಿ, ಇನ್ಸುಲಿನ್ ಇದ್ದ ಡಬ್ಬಿಯನ್ನು ಕೆನ್ನೆಗೆ ಒತ್ತಿ ನೋಡಿದಳು.

"ಇನ್ನಾ ತಂಪಾಗಿಲ್ಲ. ಕುಂದ್ರು ತಮ್ಮಾ."