ನಾನು ನೋಡಿಲ್ಲ

ನಮ್ಮ ಬಾಡಿಗೆ ಮನೆಗಳ ಉಸ್ತುವಾರಿ ಹೊತ್ತ ಮ್ಯಾನೇಜರಿಗೆ ನಾವಿಟ್ಟ ಹೆಸರು ‘ನೋಡಿಲ್ಲ ಸಾರ್’. ಹೊಸದಾಗಿ ಬಂದವರು ಕೇಳುವ ಪ್ರಶ್ನೆಗಳೆಲ್ಲ ಅವರಿಗೆ ಬಾಯಿಪಾಠ. “ಗೋಡೆಗೆ ಮೊಳೆ ಹೊಡೀಬಹುದಾ ಸಾರ್?” ಎಂದರೆ, “ಖಂಡಿತ ಕೂಡದು!” ಎಂದು ಗುಡುಗುತ್ತಾರೆ, ಹೊಸ್ತಿಲು ದಾಟಿದ ಮೇಲೆ ತಿರುಗಿ ಮೆಲ್ಲಗೆ, “ಹೊಡ್ಕೊಳ್ಳಿ, ನಾನು ನೋಡಿಲ್ಲ” ಎನ್ನುತ್ತಾರೆ. ಬೆಕ್ಕು ಸಾಕುವಂತಿಲ್ಲವೆಂದು ಕರಾರಿನಲ್ಲೇ ಇದೆ. ಆದರೆ ಮೇಲಿನ ಮನೆಯ ಬೆಕ್ಕು ಅವರ ಪ್ಯಾಂಟಿಗೇ ಮೈ ತಿಕ್ಕುತ್ತಿದ್ದರೂ ಈ ಮಹಾನುಭಾವರು ಚಾವಣಿ ನೋಡುತ್ತ ನಿಂತಿರುತ್ತಾರೆ. ನೆಂಟರು ಎಷ್ಟು ದಿನ ಇರಬಹುದು ಎಂಬುದಕ್ಕೂ ನಿಯಮವುಂಟು. ನಾಲ್ಕು ದಿನಕ್ಕೆಂದು ಬಂದ ನಮ್ಮತ್ತೆ ವರ್ಷವಾದರೂ ಹೊರಟಿಲ್ಲ; ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಇವರು, “ಈಗ ಬಂದ್ರಾ ಅಮ್ಮಾ?” ಎಂದು ಕೇಳುತ್ತಾರೆ. ನಲ್ಲಿ ಸೋರಿದರೆ ಮಾತ್ರ ನಮಗಿಂತ ಮೊದಲೇ ನೋಡಿ, ಪ್ಲಂಬರನ್ನು ಕರೆದುಕೊಂಡು ಬಾಗಿಲಲ್ಲಿ ಹಾಜರು. ಮೊನ್ನೆ ಅವರಿಗೆ ಜ್ವರವೆಂದು ತಿಳಿದು ಮನೆಗೆ ಹೋದೆ. ಅದೂ ಬಾಡಿಗೆಯದೇ, ಆದರೆ ಬೇರೆ ಮಾಲೀಕರದು. ತೀರಿಕೊಂಡ ಹೆಂಡತಿಯ ಫೋಟೋವನ್ನು ಕುರ್ಚಿಯ ಮೇಲೆ, ಗೋಡೆಗೆ ಒರಗಿಸಿಟ್ಟಿದ್ದರು. “ಒಂದು ಮೊಳೆ ಹೊಡ್ಕೋಬಾರದಾ ಸಾರ್?” ಎಂದೆ. ಅವರು ಬಾಗಿಲ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿ ಹೇಳಿದರು: “ಇಲ್ಲಿನ ಮ್ಯಾನೇಜರ್ ಎಲ್ಲಾನೂ ನೋಡ್ತಾರಪ್ಪ.”