ಮಗ್ಗದ ಕಂಬಗಳ ಮೇಲೆ ಕಟ್ಟಿದ ಕೆಲಸದ ಮೇಜು

ಕಳೆದ ವಾರ ಪಕ್ಕದ ಬೀದಿಯವರೊಬ್ಬರು ತಮ್ಮ ಹಳೆಯ ಮಗ್ಗದ ಅಡ್ಡಮರವನ್ನು ತಂದು, ದೇವರ ಮನೆಗೆ ಒಂದು ಪೀಠ ಮಾಡಿಕೊಡುವಂತೆ ಕೋರಿದರು. ಗರಗಸ ಎರಡು ಬೆರಳಿನಷ್ಟು ಇಳಿದಿರಬಹುದು, ಹೊಟ್ಟಿನಿಂದ ಗಂಜಿಯ ಮತ್ತು ಕಡಲೆಕಾಯಿ ಎಣ್ಣೆಯ ವಾಸನೆ ಎದ್ದಿತು. ನಮ್ಮ ಬೀದಿಯ ಮಗ್ಗಗಳನ್ನು ರಿಪೇರಿ ಮಾಡುತ್ತಿದ್ದ ಆಚಾರಿಯವರ ಅಂಗಿಯಲ್ಲಿಯೂ ಇದೇ ವಾಸನೆ ಇರುತ್ತಿತ್ತು. ಗರಗಸವನ್ನು ಕೆಳಗಿಟ್ಟೆ...

ನಾನು ಇದುವರೆಗೆ ಬರೆದಿರುವುದು ಕಚೇರಿಗಳಿಗೆ ಸಲ್ಲಿಸುವ ಅರ್ಜಿಗಳನ್ನು ಮಾತ್ರ, ಅವೂ ತಮಿಳಿನಲ್ಲಿ. ಆದಕಾರಣ ಈ ಬರಹದಲ್ಲಿ ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ವಿನಂತಿಸುತ್ತೇನೆ. ಬರಹದ ಲೋಪಗಳಿಗೆ ಮಾತ್ರ. ಇದರಲ್ಲಿ ಹೇಳಿರುವ ಕೆಲಸಕ್ಕಾಗಿ ನಾನು ಯಾರ ಕ್ಷಮೆಯನ್ನೂ ಕೋರುತ್ತಿಲ್ಲ.

ಸೇಲಂನಲ್ಲಿ ನಮ್ಮದು ಕನ್ನಡ ಮಾತನಾಡುವ ನೇಯುವ ಮನೆ. ನನ್ನ ಬಲಗಾಲು ಹುಟ್ಟಿನಿಂದಲೇ ಸೊರಗಿದೆ. ಗುಂಡಿಮಗ್ಗದಲ್ಲಿ ನೇಯುವವರು ನೆಲದಲ್ಲಿ ತೋಡಿದ ಗುಂಡಿಯ ಅಂಚಿನಲ್ಲಿ ಕುಳಿತು, ಎರಡೂ ಕಾಲುಗಳನ್ನು ಒಳಗೆ ಇಳಿಬಿಟ್ಟು, ಹಲಗೆಗಳನ್ನು ಒಂದಾದ ಮೇಲೊಂದು ತುಳಿಯಬೇಕು. ಅದು ನನ್ನಿಂದ ಆಗಲಿಲ್ಲ. ಆದ್ದರಿಂದ ವಯಸ್ಸು ಇಪ್ಪತ್ತೆರಡಾದರೂ ನನ್ನನ್ನು ನೂಲು ಸುತ್ತಲು, ಅಂದರೆ ಮುದುಕಿಯರ ಕೆಲಸಕ್ಕೆ, ಕೂರಿಸಿದ್ದರು.

ಆಚಾರಿಯವರು ಮನೆಗೆ ಬಂದಾಗಲೆಲ್ಲ ನಾನು ರಾಟೆ ನಿಲ್ಲಿಸಿ ನೋಡುತ್ತಿದ್ದೆ. ಅವರು ನೆಲದ ಮೇಲೆ ಕುಳಿತೇ ಕೆಲಸ ಮಾಡುತ್ತಿದ್ದರು. ಮರವನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡರೆ ಅದು ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ. ನನಗೂ ಈ ಕೆಲಸ ಕಲಿಸಬೇಕೆಂದು ಒಂದು ದಿನ ಕೇಳಿಕೊಂಡೆ.

"ಅಮ್ಮಣಿ, ಉಳಿ ಇಡಿಯೋಕೆ ಕೈ ಐತೆ. ಮರ ಇಡಿಯೋಕೆ ಕಾಲೆಲ್ಲೈತೆ?" ಎಂದರು.

ಕಾಲಿನ ಬದಲು ಮೇಜೊಂದು ಮರವನ್ನು ಹಿಡಿಯಬಾರದೇ ಎಂದು ಕೇಳಿದೆ. "ಅದೆಲ್ಲ ಪರ್ನಿಚರ್ ಅಂಗಡಿಯೋರ ಸೋಕಿ" ಎಂದು ನಕ್ಕರು.

ನಾನು ಸುಮ್ಮನಾಗಲಿಲ್ಲ. ತಮ್ಮನು ಮೇಚೇರಿ ಸಂತೆಯಿಂದ ಒಂದು ಉಳಿಯನ್ನೂ, ಯಾರೋ ಬಳಸಿ ಬಿಟ್ಟಿದ್ದ, ಮರ ನುಣುಪು ಮಾಡುವ ಉಜ್ಜುಗೊರಡನ್ನೂ ತಂದುಕೊಟ್ಟನು. ಹಳೆಯ ಬಾಗಿಲ ಹಲಗೆಗೆ ಪೆಟ್ಟಿಗೆ ಮರದ ನಾಲ್ಕು ಕಾಲುಗಳನ್ನು ಮೊಳೆ ಹೊಡೆದು ನಿಲ್ಲಿಸಿದೆ. ಅದೇ ನನ್ನ ಮೊದಲ ಮೇಜು. ಮರವನ್ನು ಇಟ್ಟು ಉಜ್ಜುಗೊರಡನ್ನು ತಳ್ಳಿದೊಡನೆ ಮೇಜೇ ಮುಂದಕ್ಕೆ ಸರಿಯಿತು. ಮೂರನೆಯ ಸಲಕ್ಕೆ ಬಾಗಿಲವರೆಗೆ ಹೋಗಿತ್ತು. ಎದುರು ಮನೆಯ ಅತ್ತೆ ನೂಲು ಬಿಡಿಸುತ್ತಾ ನೋಡುತ್ತಿದ್ದರು.

"ಏನಮ್ಮಣಿ, ನಿನಗಿಂತ ನಿನ್ ಮೇಜೇ ಚೆನ್ನಾಗಿ ನಡೀತೈತಲ್ಲ" ಎಂದರು.

ಬೀದಿಯೇ ನಕ್ಕಿತು. ಆ ಮನೆಯ ಜಗುಲಿಯಲ್ಲಿ ಕುಳಿತಿದ್ದ ಆಚಾರಿಯವರೂ ನಕ್ಕರು. ಉಳಿದವರ ನಗೆಯನ್ನು ಮರೆತಿದ್ದೇನೆ, ಅವರದನ್ನು...

ನಮ್ಮ ಮನೆಯಲ್ಲಿ ಅಲುಗದೇ ಇರುವುದು ಯಾವುದು ಎಂದು ಯೋಚಿಸಿದೆ. ಮಗ್ಗ. ಬೆಳಗಿನಿಂದ ಸಂಜೆಯವರೆಗೆ ಬಡಿದರೂ ಅದು ಸರಿಯುವುದಿಲ್ಲ, ಏಕೆಂದರೆ ಅದರ ಕಂಬಗಳನ್ನು ಮೊಳದುದ್ದ ನೆಲದೊಳಗೆ ಹೂತಿರುತ್ತಾರೆ. ಕೆಲಸ ಸಾಲದೆ ನಮ್ಮ ಎರಡು ಮಗ್ಗಗಳಲ್ಲಿ ಒಂದನ್ನು ಬಿಚ್ಚಿದ್ದರು. ಅದರ ನಾಲ್ಕು ಕಂಬಗಳು ಮಾತ್ರ ಗುಂಡಿಯ ಸುತ್ತ ಹಾಗೆಯೇ ನಿಂತಿದ್ದವು. ಅವುಗಳನ್ನು ಕೊಡಬೇಕೆಂದು ಅಪ್ಪನನ್ನು ಕೇಳಿದೆ.

"ಕಂಬ ಮುಟ್ಬೇಡ. ನಾಳೆ ಅಲ್ಲೇ ಇನ್ನೊಂದು ಮಗ್ಗ ಊಡ್ತೀನಿ" ಎಂದರು ಅಪ್ಪ. ಐದು ವರ್ಷಗಳಿಂದ ಅವರು ಹಾಗೆಯೇ ಹೇಳುತ್ತಿದ್ದರು.

ಮರುದಿನ ಅವರು ನೇಯ್ದ ಸೀರೆಗಳನ್ನು ನೇಕಾರರ ಸಂಘಕ್ಕೆ ಒಪ್ಪಿಸಲು ಹೋದಾಗ, ನಾಲ್ಕೂ ಕಂಬಗಳನ್ನು ಕುಳಿತವರ ಹೊಟ್ಟೆಯ ಮಟ್ಟಕ್ಕೆ ಕೊಯ್ದೆ. ಸದರಿ ಕಂಬಗಳನ್ನು ಕೊಯ್ದವಳು ನಾನೇ ಎಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ. ಪಶ್ಚಾತ್ತಾಪವಿದೆ ಎಂದು ಮಾತ್ರ ಬರೆಯಲಾರೆ. ಅವುಗಳ ಮೇಲೆ ದಪ್ಪನೆಯ ಹುಣಸೆ ಹಲಗೆಗಳನ್ನು ಕೂರಿಸಿ, ಮರವನ್ನು ತಡೆದು ನಿಲ್ಲಿಸಲು ಒಂದು ಗೂಟವನ್ನು ಬಡಿದೆ.

ಸಂಜೆ ಹಿಂತಿರುಗಿದ ಅಪ್ಪ ಕೊಯ್ದ ಕಂಬಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆಚಾರಿಯವರನ್ನು ಕರೆಸಿ, ಕಂಬಗಳನ್ನು ಮತ್ತೆ ಜೋಡಿಸಲು ಆಗುತ್ತದೆಯೇ ನೋಡಿ ಎಂದರು.

ಆಚಾರಿಯವರು ಮೊದಲು ಮೇಜನ್ನು ಹೆಗಲಿನಿಂದ ನೂಕಿದರು, ಅದು ಅಲುಗಲಿಲ್ಲ. ಬಳಿಕ ನೇಯುವವರು ಕೂರುವ ಜಾಗದಲ್ಲಿ ಕುಳಿತು, ಕಾಲುಗಳನ್ನು ಗುಂಡಿಗೆ ಇಳಿಬಿಟ್ಟು, ಒಂದು ತುಂಡು ಮರವನ್ನು ಗೂಟಕ್ಕೆ ಒತ್ತಿ ಉಜ್ಜಿದರು. ಸಿಪ್ಪೆ ಸುರುಳಿಸುರುಳಿಯಾಗಿ ಬಂತು. ಮತ್ತೊಮ್ಮೆ ಉಜ್ಜಿದರು. ಕೆಲಸವಿಲ್ಲದೆ ತೂಗುತ್ತಿದ್ದ ತಮ್ಮ ಪಾದಗಳನ್ನು ಒಮ್ಮೆ ಬಗ್ಗಿ ನೋಡಿಕೊಂಡರು.

"ಏನ್ ಆಚಾರಿ, ಜೋಡಿಸ್ಬೋದಾ?" ಎಂದರು ಅಪ್ಪ.

"ಜೋಡಿಸ್ಬೋದು."

ಆಚಾರಿಯವರು ಉಜ್ಜುಗೊರಡನ್ನು ಮೇಜಿನ ಮೇಲಿಟ್ಟರು.

"ಆದ್ರೆ ನಾ ಜೋಡ್ಸಕಿಲ್ಲ. ಬೇರೆ ಆಳ್ ನೋಡ್ಕೊ." ಬೀದಿಯಲ್ಲಿ ಬೇರೆ ಆಳೇ ಇಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮಪ್ಪನ ಮಗ್ಗದಾಗೆ ತುಳಿಯೋ ಅಲಗೆ ಸೀಳೈತೆ. ಒಸ್ದು ಮಾಡಾಕು. ನಾ ಅದನ್ನೂ ಮುಟ್ಟಕಿಲ್ಲ" ಎಂದು ಹೇಳಿ ಎದ್ದು ಹೋದರು.

ನಾಲ್ಕು ದಿನ ಅಪ್ಪನ ಮಗ್ಗ ನಿಂತಿತು. ಎರಡು ಹಲಗೆಗಳನ್ನು ಕೆಡಿಸಿದೆ, ಮೂರನೆಯದು ಸರಿಯಾಯಿತು. ಅಪ್ಪ ಅದನ್ನು ಕಟ್ಟಿಕೊಂಡು ತುಳಿಯತೊಡಗಿದರು. ನನ್ನ ಕಾಲು ತುಳಿಯಲಾಗದ ಮಗ್ಗದಲ್ಲಿ ನನ್ನ ಕೈಯ ಹಲಗೆ ಅವರ ಕಡೆಯ ಸೀರೆಯವರೆಗೂ ಇತ್ತು.

ಆಚಾರಿಯವರು ನನ್ನನ್ನು ಶಿಷ್ಯೆ ಎಂದು ಎಲ್ಲಿಯೂ ಹೇಳಲಿಲ್ಲ. ಆದರೆ ಆಗಾಗ ಬಂದು, ನಾನು ಮಾಡಿದ್ದನ್ನು ಬೆಳಕಿಗೆ ಹಿಡಿದು ನೋಡಿ, ತಪ್ಪಿರುವಲ್ಲಿ ಉಗುರಿನಿಂದ ಗೀರಿ ಹೋಗುತ್ತಿದ್ದರು. ಅವರು ತೀರಿಕೊಂಡ ಮೇಲೆ ನಾನು ಹೋಗುವಷ್ಟರಲ್ಲಿ ಅವರ ಮನೆಯವರು ಉಳಿಗಳನ್ನು ಹಳೆಯ ಕಬ್ಬಿಣಕ್ಕೆ ಹಾಕಿಬಿಟ್ಟಿದ್ದರು. ಒಂದಾದರೂ ಸಿಕ್ಕಿದ್ದರೆ... ಅಂದು ಜಗುಲಿಯಲ್ಲಿ ಏಕೆ ನಕ್ಕಿರಿ ಎಂದು ಅವರನ್ನು ಕೇಳಿರಲಿಲ್ಲ. ಧನ್ಯವಾದವನ್ನೂ ಹೇಳಿರಲಿಲ್ಲ.

ಈಗ ನಮ್ಮ ಬೀದಿಯಲ್ಲಿ ಮಗ್ಗದ ಸದ್ದಿಲ್ಲ. ತಮ್ಮನು ಮನೆಗೆಲ್ಲ ಟೈಲ್ಸ್ ಹಾಕಿಸುತ್ತಿದ್ದಾನೆ. "ಅಕ್ಕಾ, ಆ ಗುಂಡಿ ಮುಚ್ಚಿ ಮೇಜ ಕಿತ್ತಾಕಿದ್ರೆ ಮನೆ ನೀಟಾಗಿರ್ತದೆ. ನಿಂಗೆ ಕಬ್ಬಿಣದ್ದು ಒಂದು ತಂದ್ಕೊಡ್ತೀನಿ" ಎಂದನು. ಅವನದು ಕೆಟ್ಟ ಮನಸ್ಸಲ್ಲ. ಆದರೆ ನನ್ನ ಪರವಾಗಿ ಒಂದು ಮಾತು ಹೇಳಬಲ್ಲವರು ಈಗ ಇಲ್ಲದ ಕಾರಣ, ನಾನೇ ಹೇಳಬೇಕಾಯಿತು. ಆಗುವುದಿಲ್ಲ ಎಂದೆ.

ಇಂದು ಬೆಳಿಗ್ಗೆ ಕೆಲಸದವರು ಬಂದರು. ಟೈಲ್ಸನ್ನು ಗುಂಡಿಯ ಅಂಚಿಗೆ ನಿಲ್ಲಿಸತಕ್ಕದ್ದು, ನಾಲ್ಕು ಕಂಬಗಳ ಸುತ್ತಲೂ ಅಳೆದು ಕತ್ತರಿಸತಕ್ಕದ್ದು ಎಂದು ತಿಳಿಸಿ, ಕಾಲುಗಳನ್ನು ಗುಂಡಿಗೆ ಇಳಿಬಿಟ್ಟು, ಪೀಠದ ಮರವನ್ನು ಮೇಜಿನ ಮೇಲಿಟ್ಟುಕೊಂಡು ಕುಳಿತೆ. ಸಿಮೆಂಟು ಕಲಸಿದ ಮೇಲೆ ಮೇಸ್ತ್ರಿ ಎರಡು ಸಲ "ಸ್ವಲ್ಪ ಎದ್ದೇಳಕ್ಕಾ" ಎಂದರು.

ನಾನು ಏಳಲಿಲ್ಲ.